ಮುಕ್ತಾಯದ ನಂತರದ ಊಟ

ಗಂಡ ಹೆಂಡತಿಯರ ಜಗಳಕ್ಕೆ ಲೋಕದಲ್ಲಿ ಕಾರಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲನ್ನು ನಾವೂ ಶಕ್ತ್ಯನುಸಾರ ಬಳಸಿಕೊಂಡಿದ್ದೇವೆ. ಆದರೆ ಬೇರಾವ ದಂಪತಿಗೂ ಲಭ್ಯವಾಗದ ಒಂದು ವಿಷಯ ನಮ್ಮ ಮನೆಯಲ್ಲಿ ಮದುವೆಯಾದ ವಾರದಿಂದ ಮೊನ್ನೆ ಮೊನ್ನೆಯವರೆಗೂ ಊರ್ಜಿತದಲ್ಲಿತ್ತು. ಒಬ್ಬ ನೀರುಗಂಟಿ ಕೊನೆಯಲ್ಲಿ ಸತ್ತನೋ, ಊಟ ಮಾಡಿದನೋ ಎಂಬುದೇ ಆ ವಿಷಯ. ಸತ್ತ ಎಂದು ನನ್ನ ಹೆಂಡತಿ ಭಾಗ್ಯ. ಊಟ ಮಾಡಿದ ಎಂದು ನಾನು. ಮಕ್ಕಳ ನಾಮಕರಣದ ದಿನವೂ ಈ ಚರ್ಚೆ ನಡೆದು, ಪುರೋಹಿತರು ಯಾರೋ ನಿಜವಾಗಿ ತೀರಿಕೊಂಡರೆಂದು ತಿಳಿದು ಸೂತಕದ ವಿಚಾರ ಎತ್ತಿದ್ದರು.

ನೀರುಗಂಟಿ ಎಂದರೆ ನಾಲೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು. ಈ ನೀರುಗಂಟಿ ಸಿನಿಮಾದವನು. ನಮ್ಮ ಸೀಮೆಯವರೇ ಆದ ಒಬ್ಬ ದೊಡ್ಡ ನಿರ್ದೇಶಕರ ಮೊದಲ ಚಿತ್ರದ ನಾಯಕ. ದೊಡ್ಡವರು ಎಂದರೆ, ಅವರ ಚಿತ್ರಗಳಿಗೆ ಹೊರದೇಶದಲ್ಲಿ ಪ್ರಶಸ್ತಿ ಸಿಗುತ್ತಿತ್ತು, ಮಂಡ್ಯದಲ್ಲಿ ಥಿಯೇಟರು ಸಿಗುತ್ತಿರಲಿಲ್ಲ. ಅವುಗಳಲ್ಲಿ ಜನ ಮಾತಾಡುವುದು ಕಡಿಮೆ, ನಡೆಯುವುದು ಜಾಸ್ತಿ. ಒಬ್ಬ ನಾಲೆಯ ಏರಿಯ ಮೇಲೆ ದೂರದಿಂದ ನಡೆದು ಹತ್ತಿರ ಬರುವಷ್ಟರಲ್ಲಿ ನಾವು ಕಡಲೆಕಾಯಿ ಪೊಟ್ಟಣ ಮುಗಿಸಿ, ಆ ಕಾಗದದಲ್ಲಿದ್ದ ಸುದ್ದಿಯನ್ನೂ ಓದಿಬಿಡಬಹುದಿತ್ತು. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ನಾನು ಮಂಡ್ಯದ ಚಿತ್ರ ಸಮಾಜದ ಆಜೀವ ಕಾರ್ಯದರ್ಶಿ. ನನಗೆ ಅದು ಮೌನದ ಭಾಷೆ.

ಆ ಮೊದಲ ಚಿತ್ರವನ್ನು ನಾನೂ ಭಾಗ್ಯಳೂ ಒಂದೇ ದಿನ, ಒಂದೇ ಪ್ರಿಂಟಿನಲ್ಲಿ, ಎರಡು ಊರುಗಳಲ್ಲಿ ನೋಡಿದವರು. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ, ಪರಿಚಯವೂ ಇರಲಿಲ್ಲ. ಮಳವಳ್ಳಿಯ ಕಾಲೇಜಿನಲ್ಲಿ ಮಧ್ಯಾಹ್ನದ ಪ್ರದರ್ಶನ. ಅವಳು ಅಲ್ಲಿ ವಿದ್ಯಾರ್ಥಿನಿ. ಮಂಡ್ಯದಲ್ಲಿ ಸಂಜೆ, ನಾನು ಇಲ್ಲಿ ಹೊಸ ಗುಮಾಸ್ತ. ಸಿನಿಮಾದ ರೀಲುಗಳು ಮೂರು ತಗಡಿನ ಡಬ್ಬಗಳಲ್ಲಿದ್ದವು. ಮಳವಳ್ಳಿಯಲ್ಲಿ ಮುಗಿದ ಮೇಲೆ ಮೂರೂ ಒಟ್ಟಿಗೆ ಮಂಡ್ಯಕ್ಕೆ ಬರಬೇಕಿತ್ತು. ಆದರೆ ಅಲ್ಲಿ ಉದ್ಘಾಟಕರು ಸಿನಿಮಾಕ್ಕಿಂತ ಉದ್ದವಾಗಿ ಮಾತಾಡಿದ್ದರಿಂದ, ಒಂದೊಂದು ಡಬ್ಬ ಓಡಿ ಮುಗಿದಂತೆ ನಮ್ಮ ಸಮಾಜದ ಒಬ್ಬೊಬ್ಬ ಸದಸ್ಯ ಅದನ್ನು ಹೊತ್ತು ತರುವ ಏರ್ಪಾಡಾಯಿತು. ಮಂಡ್ಯದಲ್ಲಿ ಡಬ್ಬ ಬಂದ ಹಾಗೆ ಹಾಕಿ ಓಡಿಸುವುದು.

ಆ ಸಂಜೆಯ ಅನುಭವವನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ. ನೀರುಗಂಟಿ ಮುಸ್ಸಂಜೆ ತೂಬು ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ನಾಲೆಯ ನೀರು ಮಾತ್ರ ಹರಿಯಿತು. ಪರದೆಯ ಮೇಲೆ 'ಮುಕ್ತಾಯ' ಎಂದು ಬಂತು. ಯಾರೂ ಏಳಲಿಲ್ಲ, ಏಕೆಂದರೆ ಉಳಿದ ಡಬ್ಬ ತರಬೇಕಾದ ಚಿಕ್ಕೇಗೌಡ ಇನ್ನೂ ಬಂದಿರಲಿಲ್ಲ. ಅವನು ಏದುಸಿರು ಬಿಡುತ್ತ ಬಂದು, ನಮ್ಮಿಂದ ಚೆನ್ನಾಗಿ ಬೈಸಿಕೊಂಡು, ಡಬ್ಬ ಕೊಟ್ಟ. ಮತ್ತೆ ಕತ್ತಲಾಯಿತು. ಮುಕ್ತಾಯದ ನಂತರ ಚಿತ್ರ ಮುಂದುವರಿಯಿತು. ಸತ್ತ ನೀರುಗಂಟಿ ಮನೆಗೆ ಬಂದ, ಕಾಲು ತೊಳೆದ, "ಹಸಿವಾಗೈತೆ" ಎಂದ. ಹೆಂಡತಿ ಮುದ್ದೆ ಬಡಿಸಿದಳು. ಅವನು ಉಂಡ. ಸಭೆಯಲ್ಲಿ ಎಷ್ಟೋ ಜನ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

ಇಂಥ ಧೈರ್ಯವನ್ನು ಪ್ರಪಂಚದ ಯಾವ ನಿರ್ದೇಶಕ ತೋರಿಸಿದ್ದಾನೆ? 'ಮುಕ್ತಾಯದ ನಂತರ' ಎಂಬ ಲೇಖನ ಬರೆದೆ. ಅದರಿಂದ ಜಿಲ್ಲೆಯಲ್ಲಿ ನನಗೊಂದು ಹೆಸರು ಬಂತು. ಮದ್ದೂರಿನಲ್ಲಿ ಎರಡು ಸಲ ಶಾಲು ಹೊದಿಸಿದರು. ಮದುವೆಯಾದ ಹೊಸದರಲ್ಲಿ ಈ ಲೇಖನವನ್ನು ಭಾಗ್ಯಳಿಗೆ ಓದಿ ಹೇಳಿದಾಗ ಅವಳು ಬೆಂಡೆಕಾಯಿ ಹೆಚ್ಚುತ್ತ, "ನಾನೂ ನೋಡಿವ್ನಿ ಕಣ್ರೀ. ಅವ್ನು ಮೊದ್ಲು ಉಂಡ, ಆಮೇಲೆ ಸತ್ತೋದ. ಸತ್ತೋರು ಎಲ್ಲಾದ್ರೂ ಬಂದು ಮುದ್ದೆ ತಿಂತಾರಾ?" ಎಂದಳು. ಮಳವಳ್ಳಿಯ ಕಡೆ ಕಲಾಪ್ರಜ್ಞೆ ಇನ್ನೂ ಬೆಳೆಯಬೇಕೆಂದು ಆಗ ನನಗೆ ಅನ್ನಿಸಿತು. ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ ಆ ಬೆಂಡೆಕಾಯಿ ಪಲ್ಯ ನನ್ನ ಪಾಲಿಗೆ ಬರಲಿಲ್ಲ. ಜಗಳ ತೀರ್ಮಾನಿಸಲು ಇನ್ನೊಮ್ಮೆ ನೋಡೋಣವೆಂದರೆ ಆ ಪ್ರಿಂಟು ಎಲ್ಲೋ ಕಳೆದುಹೋಗಿತ್ತು.

ಹೀಗಿರುವಾಗ ನಿರ್ದೇಶಕರು ತೀರಿಕೊಂಡರು. ಅವರು ಸಾಯುವ ಮುನ್ನ ಮುಗಿಸಿದ ಕೊನೆಯ ಚಿತ್ರ ಎಲ್ಲ ಕಡೆ ಸುತ್ತಿ ಮಂಡ್ಯಕ್ಕೆ ಬರುವುದೆಂದಾಯಿತು. ಅದರ ಜೊತೆಗೆ ಇನ್ನೊಂದು ಸಿಹಿಸುದ್ದಿ: ಕಳೆದುಹೋಗಿದ್ದ ಮೊದಲ ಚಿತ್ರದ ಮೂಲ ಸಿಕ್ಕಿ, ಅದನ್ನು ತೊಳೆದು ಹೊಸದು ಮಾಡಿದ್ದಾರೆ. ಬೆಳಿಗ್ಗೆ ಮೊದಲನೆಯದು, ಊಟ, ಮಧ್ಯಾಹ್ನ ಕೊನೆಯದು, ಬಳಿಕ ಎರಡನ್ನೂ ಹೋಲಿಸಿ ನನ್ನ ಉಪನ್ಯಾಸ. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬಂತು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ನಮ್ಮ ಸಮಾಜದಲ್ಲಿ ಉಪನ್ಯಾಸವನ್ನು ಸಿನಿಮಾ ನೋಡುವ ಮುಂಚೆಯೇ ಬರೆಯುವುದು ಪದ್ಧತಿ. ನೋಡಿದ ಮೇಲೆ ಬರೆದರೆ ವಿಚಾರಗಳು ಕಲಕಿಹೋಗುತ್ತವೆ. ನಾನೂ ಹಾಗೆಯೇ ಬರೆದೆ. ಸಾರಾಂಶ ಇಷ್ಟು: ಮೊದಲ ಚಿತ್ರ ಕಾಲದ ಬೆನ್ನೆಲುಬನ್ನೇ ಮುರಿದ ಸಾಹಸ, ಕೊನೆಯ ಚಿತ್ರ ಕಥೆಯನ್ನು ನೇರವಾಗಿ ಹೇಳಿ ಕೈತೊಳೆದುಕೊಂಡ ದಣಿವು. ಬಹಳ ಕಠಿಣವಾಯಿತೇನೋ ಎಂದು ಕೊನೆಯಲ್ಲಿ ನಾಲ್ಕು ಹನಿ ಕಣ್ಣೀರನ್ನೂ ಸೇರಿಸಿದೆ.

ಆ ದಿನ ಸಭಾಂಗಣ ತುಂಬಿತ್ತು. ಮಳವಳ್ಳಿಯಿಂದ ಭಾಗ್ಯಳ ಹಳೆಯ ಸಹಪಾಠಿಗಳು ಒಂದು ವ್ಯಾನು ಮಾಡಿಕೊಂಡು ಬಂದಿದ್ದರು. ಮುಖ್ಯ ಅತಿಥಿ ಸರೋಜಮ್ಮನವರು. ನಿರ್ದೇಶಕರ ಎಲ್ಲ ಚಿತ್ರಗಳ ಸಂಕಲನಕಾರ್ತಿ, ಜೀವಮಾನದಲ್ಲಿ ಬಾಯಿಗಿಂತ ಕತ್ತರಿಯನ್ನು ಹೆಚ್ಚು ಬಳಸಿದವರು. ನನ್ನ ಪಕ್ಕದಲ್ಲಿ ಭಾಗ್ಯ. "ಇವತ್ತು ಗೊತ್ತಾಗ್ತದೆ" ಎಂದೆ. "ಆಗ್ಲಿ" ಎಂದಳು.

ಚಿತ್ರ ಶುರುವಾಯಿತು. ಅರ್ಧ ಮುಗಿಯುವ ಹೊತ್ತಿಗೇ ನೀರುಗಂಟಿ ಮನೆಗೆ ಬಂದು, ಕಾಲು ತೊಳೆದು, ಮುದ್ದೆ ಉಂಡ. ಜೇಬಿನಲ್ಲಿದ್ದ ಉಪನ್ಯಾಸವನ್ನು ಮುಟ್ಟಿ ನೋಡಿಕೊಂಡೆ. ಆಮೇಲೆ ಅವನು ತೂಬಿಗೆ ಹೋದ, ಇಳಿದ, ಬರಲಿಲ್ಲ. 'ಮುಕ್ತಾಯ' ಎಂದು ಬಂತು. ದೀಪ ಹತ್ತಿತು. ಮಳವಳ್ಳಿಯವರು ಎದ್ದು ಸೆರಗು ಸರಿಮಾಡಿಕೊಂಡು ಊಟದ ಕಡೆ ಹೊರಟರು. ಮಂಡ್ಯದ ಹಿರಿಯರು ಒಬ್ಬರೂ ಅಲುಗಲಿಲ್ಲ. ಪರದೆಯನ್ನೇ ನೋಡುತ್ತ ಕೂತಿದ್ದರು. ನಾನೂ ಕೂತಿದ್ದೆ.

ಹಿಂದಿನ ಸಾಲಿನಿಂದ ಒಬ್ಬರು, "ಇನ್ನೊಂದು ಡಬ್ಬ ಎಲ್ಲಿ? ಇವತ್ತೂ ಚಿಕ್ಕೇಗೌಡನೇ ತತ್ತಾವ್ನಾ?" ಎಂದು ಕೇಳಿದರು.

"ಡಬ್ಬಗಿಬ್ಬ ಏನೂ ಇಲ್ಲ ಸಾ, ಮುಗೀತು" ಎಂದ ಯಂತ್ರದವನು.

"ಕತ್ತರಿಸವ್ರೆ ಕಣ್ಲಾ" ಎಂದು ಇನ್ನೊಬ್ಬರು ಎದ್ದುನಿಂತರು. "ನಮ್ ಸಿನಿಮಾನ ಹಿಂದ್ಮುಂದೆ ಮಾಡವ್ರೆ."

ಊಟದ ಪಂಕ್ತಿಯಲ್ಲಿ ಸತ್ಯ ಹೊರಬಿತ್ತು. ನನ್ನ ಎದುರಿಗೆ ಚಿಕ್ಕೇಗೌಡ. ಅವನ ಪಕ್ಕದಲ್ಲಿ ನಮ್ಮ ಇನ್ನೊಬ್ಬ ಹಳೆಯ ಸದಸ್ಯ, ಮೋಟಾರು ಸೈಕಲ್ಲು ರಿಪೇರಿಯ ಇಬ್ರಾಹಿಂ.

"ನಾನು ಆವತ್ತೇ ಬಡ್ಕೊಂಡೆ" ಎಂದ ಚಿಕ್ಕೇಗೌಡ. "ನಾನ್ ತಂದಿದ್ದು ಎರಡ್ನೇ ಡಬ್ಬ. ಬಸ್ಸು ಭಾರತೀನಗರದಲ್ಲಿ ಫ್ಯಾಕ್ಟ್ರಿ ಮುಂದೆ ಕಬ್ಬಿನ್ ಗಾಡಿ ಮಧ್ಯ ಸಿಕ್ಕಾಕೊಂಡು ನಿಂತೇ ಓಯ್ತು. ನೀವೆಲ್ಲ ಸೇರಿ ಉಗಿಯೋ ಗಲಾಟೇಲಿ ಯಾರ್ ಕೇಳಿದ್ರಿ ನನ್ ಮಾತ?"

"ಲೇ, ನಾನು ನಿನ್ ಬಸ್ ಪಕ್ಕದಲ್ಲೇ ಗಾಡಿ ನುಗ್ಗಿಸ್ಕೊಂಡು ಬಂದೆ ಕಣ್ಲಾ" ಎಂದ ಇಬ್ರಾಹಿಂ. "ನೀನು ಕಿಟಕೀಲಿ ಕಬ್ಬು ಸಿಗೀತಾ ಕೂತಿದ್ದೆ. ನಂಗೆ ಕೈ ಬೇರೆ ಆಡಿಸ್ದೆ."

"ನಂಗೇನ್ಲಾ ಗೊತ್ತು, ನಿನ್ ಹಿಂದ್ಗಡೆ ಕಟ್ಟಿರೋದು ಮೂರ್ನೇ ಡಬ್ಬ ಅಂತ. ಟಯರ್ ಅನ್ಕಂಡೆ."

ಅಂದರೆ ಮಂಡ್ಯದ ಸಮಸ್ತ ಚಲನಚಿತ್ರ ಚಿಂತನೆ, ನನ್ನ ಲೇಖನ, ಮದ್ದೂರಿನ ಎರಡು ಶಾಲು, ಎಲ್ಲವೂ ನಿಂತಿದ್ದದ್ದು ಸಕ್ಕರೆ ಕಾರ್ಖಾನೆಯ ಮುಂದಿನ ಕಬ್ಬಿನ ಗಾಡಿಗಳ ಸಾಲಿನ ಮೇಲೆ. ಭಾಗ್ಯಳ ಕಡೆ ನೋಡಲು ಧೈರ್ಯವಾಗಲಿಲ್ಲ. ಅವಳು 'ನಾನು ಹೇಳಿರಲಿಲ್ಲವೇ' ಎನ್ನಲಿಲ್ಲ. ಬಡಿಸುವವರನ್ನು ಕರೆದು, "ಇವ್ರಿಗೆ ಇನ್ನೊಂದು ಒಬ್ಬಟ್ಟು ಹಾಕಿ, ಪಾಪ" ಎಂದಳು. ಅಷ್ಟು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಭಯವಾದದ್ದು ಅದೇ ಮೊದಲು.

ಉಪನ್ಯಾಸ ಜೇಬಿನಲ್ಲಿ ಕೆಂಡದಂತೆ ಕೂತಿತ್ತು. ಎದ್ದು ಹೋಗಿ ಮದ್ದೂರಿನ ಕಡೆಯ ರೈಲು ಹತ್ತಿಬಿಡೋಣವೆನ್ನಿಸಿತು. ಆದರೆ ಅಲ್ಲಿ ಶಾಲು ಹೊದಿಸಿದವರಿದ್ದಾರೆ. ಬಲಿಪಶುವಿನ ಗಾಂಭೀರ್ಯದಿಂದ ಒಳಗೆ ಹೋಗಿ ಕೂತೆ.

ಕೊನೆಯ ಚಿತ್ರ ನಡೆಯುವುದು ಮಳವಳ್ಳಿಯ ಹತ್ತಿರದ ಬ್ಲಫ್ ಎಂಬ ಊರಿನಲ್ಲಿ. ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕ, ಅವನ ಹೆಂಡತಿ. ಅದೇ ನಡಿಗೆ, ಅದೇ ಮೌನ. ಆದರೆ ಮೊದಲ ಚಿತ್ರದಲ್ಲಿ ಕ್ಯಾಮರಾ ಹೆಂಗಸಿನ ಕೈಬಳೆಯಿಂದ ಮೇಲಕ್ಕೆ ಹೋಗಿರಲೇ ಇಲ್ಲ. ಇಲ್ಲಿ ಅವಳ ಮುಖವನ್ನು ಬಿಟ್ಟು ಕದಲಲೇ ಇಲ್ಲ. ಯುವಕರಾಗಿದ್ದಾಗ ನಿರ್ದೇಶಕರು ನೀರನ್ನು ನೋಡಿದ್ದರು, ಮುದುಕರಾದಾಗ ನೀರು ತಂದಿಡುವವಳನ್ನು ನೋಡಿದರು. ಚಿತ್ರ ಇನ್ನೂ ಅರ್ಧವಾಗಿರಲಿಲ್ಲ, ಮುದುಕ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತವನು ಕೂತ ಹಾಗೆಯೇ ತೀರಿಕೊಂಡ. ಪರದೆಯ ಮೇಲೆ 'ಮುಕ್ತಾಯ' ಎಂದು ಬಂತು.

ಮಳವಳ್ಳಿಯವರು ಚೀಲ ಎತ್ತಿಕೊಂಡು ಎದ್ದರು.

ಕತ್ತಲಲ್ಲಿ ಚಿಕ್ಕೇಗೌಡನ ಗಂಟಲು ಕೇಳಿಸಿತು: "ಕೂತ್ಕಳ್ರಮ್ಮ. ಇನ್ನೂ ಊಟ ಐತೆ."

ಇತ್ತು. ಸತ್ತ ಮುದುಕ ಮನೆಗೆ ಬಂದ. ಕಾಲು ತೊಳೆದ. ಪಕ್ಕದಲ್ಲಿದ್ದ ಭಾಗ್ಯಳ ಕೈ ಹಿಡಿದುಕೊಂಡೆ, ಅವಳೂ ಬಿಡಿಸಿಕೊಳ್ಳಲಿಲ್ಲ. ಪರದೆಯ ಮೇಲೆ ಮುದುಕಿ ತಟ್ಟೆ ಇಟ್ಟು, ಅವನನ್ನು ಬಹಳ ಹೊತ್ತು ನೋಡಿ, "ಇನ್ನೊಂದ್ ಸೌಟು ಸಾರು ಬುಡ್ಲಾ?" ಎಂದಳು. ಭಾಗ್ಯ ನನ್ನ ಕಿವಿಯಲ್ಲಿ, "ಅವ್ಳಿಗೆ ಗೊತ್ತು ಕಣ್ರೀ. ನೀರುಗಂಟಿ ಹೆಂಡ್ರಿಗೆ ಗೊತ್ತಿರ್ಲಿಲ್ಲ. ಇವ್ಳಿಗೆ ಗೊತ್ತು, ಆದ್ರೂ ಬಡಿಸ್ತಾವ್ಳೆ" ಎಂದಳು.

ದೀಪ ಹತ್ತಿದಾಗ ಸರೋಜಮ್ಮನವರು ಮೈಕಿನ ಮುಂದೆ ನಿಂತರು. ಮೊದಲ ಚಿತ್ರ ಮಂಡ್ಯದಲ್ಲಿ ಓಡಿದ ಸಂಜೆ ನಿರ್ದೇಶಕರು ಯಾರಿಗೂ ಹೇಳದೆ ಬಂದು ಕಡೆಯ ಸಾಲಿನಲ್ಲಿ ಕೂತಿದ್ದರಂತೆ. ಡಬ್ಬ ಅದಲುಬದಲಾದದ್ದು ಕಂಡು ಕೂಗಲು ಎದ್ದರಂತೆ. ಆಗ ನೀರುಗಂಟಿ ಕಾಲು ತೊಳೆಯುತ್ತಿದ್ದ, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಗೇ ಕೂತುಬಿಟ್ಟರಂತೆ. "ನನ್ನ ಚಿತ್ರವನ್ನು ನಾನು ತಪ್ಪಾಗಿ ಜೋಡಿಸಿದ್ದೆ, ಮಂಡ್ಯದವರು ಸರಿಮಾಡಿದರು ಅಂತ ಕೊನೆಯವರೆಗೂ ಹೇಳ್ತಿದ್ರು. ಅದಕ್ಕೇ ಈ ಚಿತ್ರ" ಎಂದು ಆಕೆ ಕೂತರು. ಚಿಕ್ಕೇಗೌಡ ಎದ್ದು ಸಭೆಗೆ ಕೈಮುಗಿದ, ತಾನೇ ನಿರ್ದೇಶಿಸಿದವನಂತೆ.

ಮುಂದಿನ ಸರದಿ ನನ್ನದು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಜೇಬಿನಿಂದ ಪೆನ್ನು ತೆಗೆದು, ಉಪನ್ಯಾಸದಲ್ಲಿ 'ಮೊದಲ ಚಿತ್ರ' ಎಂದಿದ್ದಲ್ಲೆಲ್ಲ 'ಕೊನೆಯ ಚಿತ್ರ' ಎಂದೂ, 'ಕೊನೆಯ' ಇದ್ದಲ್ಲೆಲ್ಲ 'ಮೊದಲ' ಎಂದೂ ತಿದ್ದಿದೆ. ಬೇರೇನನ್ನೂ ಮುಟ್ಟಬೇಕಾಗಲಿಲ್ಲ. ಹೊಗಳಿಕೆ ಹೊಗಳಿಕೆಯಾಗಿಯೇ, ತೆಗಳಿಕೆ ತೆಗಳಿಕೆಯಾಗಿಯೇ ತಂತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂತವು. ವಿಮರ್ಶೆ ಎಂಬುದು ಎಷ್ಟು ಭದ್ರವಾದ ಕಟ್ಟಡವೆಂದು ಅಂದು ಮನದಟ್ಟಾಯಿತು. ಒಂದು ವಾಕ್ಯ ಮಾತ್ರ ಕಣ್ತಪ್ಪಿ ಉಳಿದುಹೋಗಿತ್ತು: 'ಇಂಥ ಸಾಹಸ ಬಿಸಿರಕ್ತದ ಪ್ರಾಯದಲ್ಲಷ್ಟೇ ಸಾಧ್ಯ.' ಕೊನೆಯುಸಿರಿನ ಹತ್ತಿರವಿದ್ದ ಮುದುಕರು ಮಾಡಿದ ಚಿತ್ರದ ಬಗ್ಗೆ ಅದನ್ನು ಗಂಭೀರವಾಗಿ ಓದಿದೆ. ಆ ವಾಕ್ಯಕ್ಕೇ ಹೆಚ್ಚು ಚಪ್ಪಾಳೆ ಬಂತು. ಆ ಹುರುಪಿನಲ್ಲಿ ಕಾಗದ ಮಡಚಿ, "ನೀರುಗಂಟಿಯ ಹೆಂಡತಿಗೆ ಗೊತ್ತಿರಲಿಲ್ಲ, ಇವಳಿಗೆ ಗೊತ್ತು, ಆದರೂ ಬಡಿಸುತ್ತಾಳೆ. ಎರಡು ಚಿತ್ರಗಳಿಗಿರುವ ವ್ಯತ್ಯಾಸ ಇಷ್ಟೇ" ಎಂದೆ. ಸರೋಜಮ್ಮನವರು ತಲೆಯೆತ್ತಿ ನನ್ನನ್ನೇ ನೋಡಿದರು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು, "ಇದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ" ಎಂದರು. ಮಳವಳ್ಳಿಯ ವ್ಯಾನಿನ ಹತ್ತಿರ ನಿಂತಿದ್ದ ಭಾಗ್ಯಳಿಗೆ ಅದು ಕೇಳಿಸಿತೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ಮನೆಗೆ ಬಂದೆವು. ನಾನಿನ್ನೂ ಚಪ್ಪಾಳೆಯ ಮೇಲೆ ತೇಲುತ್ತಿದ್ದೆ. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದು, ಮಣೆ ಹಾಕಿಕೊಂಡು ಕೂತು, "ಭಾಗ್ಯಾ, ಹಸಿವಾಗ್ತಿದೆ" ಎಂದೆ.

ಅವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. "ಕಿವೀಲಿ ಹೇಳಿದ್ದ ಮೈಕಲ್ಲಿ ಹೇಳಿದ್ರಲ್ಲ, ಅದು ಬುಡಿ. ಈಗ ಒಂದು ತೀರ್ಮಾನ ಆಗ್ಲಿ. ನಿಮ್ ಮಂಡ್ಯದ ಕ್ರಮದಲ್ಲಿ ಮೊದ್ಲು ಸಾಯ್ಬೇಕು, ಆಮೇಲೆ ಊಟ. ನಮ್ ಮಳವಳ್ಳೀಲಿ ಮೊದ್ಲು ಊಟ. ಯಾವ್ದು ಸರಿ ಅಂತ ನೀವೇ ಹೇಳಿ, ಅಂಗೇ ಬಡಿಸ್ತೀನಿ."

ಒಂದು ಕಡೆ ನನ್ನ ಲೇಖನ, ಎರಡು ಶಾಲು, ಸ್ವರ್ಗಸ್ಥ ನಿರ್ದೇಶಕರ ಕೊನೆಯ ಸಾಕ್ಷ್ಯ. ಇನ್ನೊಂದು ಕಡೆ ಒಲೆಯ ಮೇಲೆ ಕುದಿಯುತ್ತಿದ್ದ ಅವರೆಕಾಳಿನ ಸಾರು.

"ಮಳವಳ್ಳಿಯದೇ ಸರಿ" ಎಂದೆ. ಮುದ್ದೆ ತಕ್ಷಣ ಬಂತು.