ಗುಡದಪ್ಪನ ತಲೆ ಹೊಟ್ಟೆಯಲ್ಲಿತ್ತು

ಶಲವಡಿಯಲ್ಲಿ ಯಾರಿಗೆ ಭೇದಿ ಹತ್ತಿದರೂ ನಿಲ್ಲಿಸುವ ತಾಕತ್ತು ತನಗೊಬ್ಬಳಿಗೇ ಇದೆ ಎಂಬುದು ದುಂಡವ್ವನ ಹೆಮ್ಮೆ. ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ಆ ಹೆಮ್ಮೆ ಗಂಡನ ತಲೆಗೇ ಬಂತು.

ಗಂಡ ಗುಡದಪ್ಪನಿಗೆ ಮೊದಲೇ ಲಿವರ್ ಕೆಟ್ಟಿತ್ತು. ಒಂದು ದಿನ ಅಂಗಿಯ ತೋಳಿನಲ್ಲಿ ಕಾಲು ತೂರಿಸತೊಡಗಿದ. ಕಟ್ಟಿಕೊಂಡ ಹೆಂಡತಿಗೇ "ಯಾವೂರಿಂದ ಬಂದ್ರಿ ಅಕ್ಕಾರ?" ಎಂದ. ಮದುವೆಯಾದಾಗಿನಿಂದ ಅವಳ ಸಾರನ್ನು ಬೈಯುತ್ತಲೇ ಬಂದವನು "ಅಗದೀ ಚಲೋ ಆಗೇತ್ರಿ" ಎಂದು ಮತ್ತೆ ಬಡಿಸಿಕೊಂಡ. ದುಂಡವ್ವ ಅವನನ್ನು ದವಾಖಾನೆಗೆ ಎಳೆದೊಯ್ದಳು.

ಅಣ್ಣಿಗೇರಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಸಂಡಾಸ ಆಗಿ ಎಷ್ಟ ದಿನಾ ಆತು?"

"ತಲಿ ಕೆಟ್ಟೈತ್ರಿ ಸಾಹೇಬ್ರ, ಹೊಟ್ಟಿ ಯಾಕ ಕೇಳ್ತೀರಿ?"

"ಹೊಟ್ಯಾಗ ಕಣ್ಣಿಗೆ ಕಾಣದ ಕ್ರಿಮಿ ಇರ್ತಾವವ್ವಾ, ಕೋಟಿಗಟ್ಟಲೆ. ಅವು ವಿಷಾ ಮಾಡ್ತಾವ, ಲಿವರ್ ಅದನ್ನ ತೊಳೀತೈತಿ. ಈತಂದು ತೊಳೀವಲ್ದು. ಹೊಟ್ಟಿ ಕಟ್ಟಿತು, ವಿಷಾ ತಲಿಗೆ ಏರಿತು."

ಸಿಹಿ ಔಷಧದ ಬಾಟಲಿ ಕೊಟ್ಟರು. ಗುಡದಪ್ಪ ತಂಬಿಗೆ ಹಿಡಿದು ಬಯಲಿಗೆ ಓಡಿದ್ದೇ ಓಡಿದ್ದು. ಮರುದಿನ ಊಟಕ್ಕೆ ಕೂತವನು, "ಲೇ ದುಂಡಿ, ಸಾರಿಗೆ ಹುಳಿ ಹಾಕಾಕ ನಿಮ್ಮಪ್ಪ ಬರಬೇಕೇನ?" ಎಂದ. ದುಂಡವ್ವ ಬೆರಗಾಗಿ ನಿಂತುಬಿಟ್ಟಳು. ಕಣ್ಣಿಗೆ ಕಾಣದ ಕ್ರಿಮಿಗಳು ಇಡೀ ಗಂಡನನ್ನೇ ಒಯ್ದು, ಮತ್ತೆ ತಂದು ಬಿಟ್ಟಿದ್ದವು! ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಹೊಟ್ಟೆಗೆ ಕೈ ಮುಗಿದಳು.

ಆದರೆ ಓಟ ನಿಲ್ಲಲಿಲ್ಲ. ಇಂಥ ಘನ ವೈದ್ಯೆಯ ಗಂಡ ತಂಬಿಗೆ ಹಿಡಿದು ಊರ ಮುಂದೆ ಓಡಿದರೆ ಅವಳ ಮಾನವೇನಾಗಬೇಕು? ಬಾಟಲಿ ಬಚ್ಚಿಟ್ಟು, ಭೇದಿ ಕಟ್ಟುವ ತನ್ನ ಮಾಚಿಕಾಯಿ ತೇಯ್ದು ನೆಕ್ಕಿಸಿದಳು. ಹೊಟ್ಟೆ ಗಪ್ ಆಯಿತು. "ಡಾಕ್ಟರ್ ಕಡಿಂದ ಆಗಲಿಲ್ಲ, ನಾ ನಿಲ್ಲಿಸಿದೆ ನೋಡು" ಎಂದು ಬಾಜು ಮನೆಯ ಶರೀಫಾಬಿಗೆ ಹೇಳಿಯೂ ಬಂದಳು.

ಮೂರನೆಯ ದಿನ ಗುಡದಪ್ಪ ತಟ್ಟೆಗೆ ನಮಸ್ಕಾರ ಮಾಡಿ, "ಏನ್ ಸಾರು ಮಾಡೀರಿ ಅಕ್ಕಾರ" ಎಂದ.

ದುಂಡವ್ವ ಅಳುತ್ತ ಬಾಟಲಿಗೆ ಓಡಿದಳು. ಆಮೇಲೆ ಡಾಕ್ಟರು ಬೈದರು: "ಆ ಓಟಾನ ಔಷಧವ್ವಾ. ಅದನ್ನ ನಿಲ್ಲಿಸಿದ್ಯಲ್ಲ!"

ಅಂತೂ ಗುಡದಪ್ಪನ ತಲೆ ಊರಿಗೆ ಮರಳಿತು. ಅಂದಿನಿಂದ ದುಂಡವ್ವ ದಿನಾ ಸಾರು ಬಡಿಸಿ, "ಹ್ಯಾಂಗಾಗೇತ್ರಿ?" ಎಂದು ಜೀವ ಕೈಯಲ್ಲಿ ಹಿಡಿದು ಕೂತಳು. ಅವನು ಬೈದರೆ ಅವಳಿಗೆ ನೆಮ್ಮದಿ.

ಕಾರಹುಣ್ಣಿಮೆಯ ದಿನ ಹೋಳಿಗೆಯ ಜೊತೆಗಿನ ಕಟ್ಟಿನ ಸಾರು ನಿಜಕ್ಕೂ ಅಮೃತವಾಗಿತ್ತು. ಗುಡದಪ್ಪ ಬೆರಳು ನೆಕ್ಕಿ "ಭಾಳ ಚಲೋ..." ಎಂದವನು, ಅವಳ ಕೈ ಬಾಟಲಿಯತ್ತ ಹೋದದ್ದು ಕಂಡು ಗಾಬರಿಯಾದ.

"ಇಲ್ಲಲೇ, ನೀರಿನಂಗೈತಿ. ಇನ್ನೊಂದ ಸೌಟು ಹಾಕು."