ಕೇರಿಗೊಂದು ಕ್ಷೌರದ ಕತ್ತಿ

ನಾನು ಸಿಟ್ಟಿನಿಂದ ಶುರು ಮಾಡಿದ್ದೆಲ್ಲ ನಗೆಪಾಟಲಿಗೇ ಬಂದು ನಿಲ್ಲುತ್ತದೆ. ಎಷ್ಟು ಸಲ ಹೀಗಾದರೂ ಪ್ರತಿ ಸಲ ಹೊಸದಾಗಿ ದಂಗಾಗುತ್ತೇನೆ.

ಅರವತ್ತರ ದಶಕದ ಕೊನೆಯ ಮಾತಿದು. ಬಳ್ಳಾರಿಯ ಒಂದು ಹತ್ತಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ, ಬಿಡುವಾದಾಗ ಚಳವಳಿ ಅಂತ ಊರೂರು ಸುತ್ತಿ ಭಾಷಣ ಮಾಡುತ್ತಿದ್ದೆ. ಸಾಲಿ ಕಲಿತವನಲ್ಲ. ಗೋಡೆಗೆ ಅಂಟಿಸಿದ ಪೋಸ್ಟರುಗಳನ್ನು ನೋಡಿ ಅಕ್ಷರ ಕೂಡಿಸಿದವನು, ಹಾಗಾಗಿ ನಾನು ಮೊದಲು ಓದಿದ ಶಬ್ದವೇ ‘ಧಿಕ್ಕಾರ’.

ಸಿರುಗುಪ್ಪ ಕಡೆಯ ನಮ್ಮ ಊರಿಗೆ ಒಬ್ಬನೇ ಕ್ಷೌರಿಕ. ಅವನು ಗೌಡರ ಗಡ್ಡ ತೆಗೆಯುತ್ತಿದ್ದ, ಗೌಡರ ಎಮ್ಮೆಯನ್ನೂ ಬೋಳಿಸುತ್ತಿದ್ದ. ನಮ್ಮ ಕೇರಿಯವರನ್ನು ಮಾತ್ರ ಮುಟ್ಟುವಂತಿರಲಿಲ್ಲ. ‘ಅವರನ್ನು ಮುಟ್ಟಿದ ಕೈ ನನ್ನ ಕೆನ್ನೆಗೆ ಬರಕೂಡದು’ ಅಂತ ಗೌಡರ ಕಟ್ಟಪ್ಪಣೆ. ಎಮ್ಮೆ ಮುಟ್ಟಿದ ಕೈ ಬರಬಹುದು! ಇದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಅಕ್ಕನ ಮಗನಿಗೆ ಕುರುಗೋಡಿನ ಹೆಣ್ಣು ಗೊತ್ತಾಯಿತು. ಮದುವೆಯ ದಿನ ಮದುಮಗನನ್ನು ಮನೆಯ ಮುಂದೆ ಮಣೆಯ ಮೇಲೆ ಕೂರಿಸಿ ಕ್ಷೌರ ಮಾಡಿಸುವುದು ಪದ್ಧತಿ. ಗಡ್ಡ ಬಿಟ್ಟವನನ್ನು ಕಂಡರೆ ಹೆಣ್ಣಿನ ಕಡೆಯವರು ಸೂತಕದ ಮನೆ ಅಂದುಕೊಂಡು ಎದ್ದು ಹೋಗುತ್ತಾರೆ. ಅಲ್ಲಿಯವರೆಗೆ ನಮ್ಮವರು ಮದುಮಗನನ್ನು ಕದ್ದುಮುಚ್ಚಿ ಸಿರುಗುಪ್ಪಕ್ಕೆ ಕರೆದೊಯ್ದು ಕ್ಷೌರ ಮಾಡಿಸಿಕೊಂಡು ಬರುತ್ತಿದ್ದರು. “ಈ ಸಲ ನಮ್ಮ ಕೇರಿಯಲ್ಲೇ, ಎಲ್ಲರ ಕಣ್ಣೆದುರೇ, ನಾನೇ ಮಾಡುತ್ತೇನೆ” ಅಂತ ಕೇರಿಯ ಸಭೆಯಲ್ಲಿ ಆಣೆ ಹಾಕಿದೆ. ಬ್ಲೇಡಿನ ಮಿಷೀನು ಬೇಡ, ಬ್ಲೇಡು ಸವೆಯುತ್ತದೆ. ಮಡಚುವ ಕತ್ತಿ ಒಂದಿದ್ದರೆ ಇಡೀ ಕೇರಿಗೆ ಸಾಕು ಅಂತಲೂ ಹೇಳಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ತಟ್ಟಲಿಲ್ಲ.

“ನನ್ ಮಗನ ಕುತ್ತಿಗಿ ಕೊಯ್ದಿ ಅಂದ್ರ, ನಿನ್ ಕುತ್ತಿಗಿ ನಾ ಕೊಯ್ತೀನಿ ನೋಡು” ಅಂದಳು.

ಕೌಲ್ ಬಜಾರಿನಲ್ಲಿ

ಕತ್ತಿ ಹುಡುಕುತ್ತಾ ಬಳ್ಳಾರಿಯ ಕೌಲ್ ಬಜಾರಿನ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಒಂದು ಕತ್ತಿ ತೆಗೆದು ಬೆಳಕಿಗೆ ಹಿಡಿದರು. ನನ್ನ ಮುಖ ಕಾಣುವಷ್ಟು ಫಳಫಳ ಹೊಳೆಯಿತು.

“ಕಟಿಂಗ್ ಷಾಪ್ ಇಡ್ತೀಯೇನು?”

“ಇಲ್ರಿ ಚಾಚಾ.”

“ಮತ್ಯಾಕ?”

ಸುಳ್ಳು ಹೇಳಿ ನನಗೆ ರೂಢಿಯಿಲ್ಲ. “ಚಳವಳಿಗೆ ಬೇಕ್ರಿ” ಅಂದೆ.

ಚಾಚಾ ಮೆಲ್ಲಗೆ ಕತ್ತಿಯನ್ನು ಹಿಂದಕ್ಕೆ ಎಳೆದುಕೊಂಡರು. “ಎಷ್ಟು ಮಂದಿ ಅದೀರಿ?”

“ಇಡೀ ಕೇರೀನೇ ಐತ್ರಿ.”

“ಕತ್ತಿ ಯಾರ್ ಮ್ಯಾಲೆ?”

“ಮೊದ್ಲು ನಮ್ಮ ಅಳಿಯನ ಮ್ಯಾಲೆ. ಅವಂದು ಮುಗದ್ ಮ್ಯಾಲೆ ಒಬ್ಬೊಬ್ಬರ್ದೇ ಮುಗಸ್ತೀವ್ರಿ.”

“ಯಾ ಅಲ್ಲಾ!” ಅಂದವರೇ ಚಾಚಾ ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡರು. ಆ ಸದ್ದಿಗೆ ಪಕ್ಕದ ಟೈಲರ್ ಬಾಗಿಲು ಹಾಕಿದ. ಅವನನ್ನು ನೋಡಿ ಸೈಕಲ್ ಅಂಗಡಿಯವನು ಹಾಕಿದ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ.

ಬೀದಿಯಲ್ಲೇ ನಿಂತು ನನ್ನ ಗಡ್ಡ ಉಜ್ಜಿ ತೋರಿಸಿ, ಕೂಗಿ ಕೂಗಿ ವಿವರಿಸಿದ ಮೇಲೆ ಚಾಚಾನ ಬಾಗಿಲು ನಾಲ್ಕು ಬೆರಳು ತೆರೆಯಿತು. ಆ ಸಂದಿಯಿಂದ ಕತ್ತಿ ಬಂತು, ಬ್ರಷ್ಷು ಬಂತು, ಗಾಯಕ್ಕೆ ಹಚ್ಚುವ ಪಟಿಕದ ಕಲ್ಲೂ ಬಂತು. ಚಾಚಾ ಬರಲಿಲ್ಲ.

ಗಂಟಲು ಹರಿಯುವಂತೆ ಬಂದ್‌ಗೆ ಕರೆ ಕೊಟ್ಟ ದಿನಗಳಲ್ಲಿ ನನ್ನ ಮಾತಿಗೆ ಒಂದು ಬೀಡಾ ಅಂಗಡಿಯೂ ಮುಚ್ಚಿರಲಿಲ್ಲ. ಕರೆ ಕೊಡದೆಯೇ ನಾನು ಗೆದ್ದ ಬಂದ್ ಅದೊಂದೇ.

ಬೆಲ್ಟು

ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕಿ ಹದ ಮಾಡಬೇಕು ಅಂತ ಕೇಳಿದ್ದೆ. ನನ್ನಲ್ಲಿದ್ದ ಚರ್ಮ ಅಂದರೆ ಪ್ಯಾಂಟಿನ ಬೆಲ್ಟು. ಅದನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದು ಹಿಡಿದು ಜೋರಾಗಿ ತಿಕ್ಕಿದೆ. ಕತ್ತಿಯ ಬೆನ್ನು ಮುಂದಿರಬೇಕು, ಹರಿತವಾದ ಬಾಯಿ ಹಿಂದಿನಿಂದ ಬರಬೇಕು. ಇದನ್ನು ನನಗೆ ಯಾರು ಹೇಳಿದ್ದರು? ನಾನು ಬಾಯಿಯನ್ನೇ ಮುಂದೆ ಮಾಡಿ ನುಗ್ಗಿಸಿದೆ. ಬೆಲ್ಟು ಮುಕ್ಕಾಲು ಭಾಗ ಸೀಳಿತು. ‘ಕತ್ತಿ ಭಾರೀ ಹರಿತ ಐತಿ’ ಅಂತ ಹೆಮ್ಮೆಪಟ್ಟು ಅದೇ ಬೆಲ್ಟು ಕಟ್ಟಿಕೊಂಡು ಸಿರುಗುಪ್ಪದಲ್ಲಿ ಭಾಷಣಕ್ಕೆ ನಿಂತೆ.

“ಎಮ್ಮಿಗಿರೋ ಮರ್ಯಾದಿ ನಮಗಿಲ್ಲ! ಇದು ನಾಚಿಕಿಗೇಡು!” ಅಂತ ಗುಡುಗಿ, “ಧಿಕ್ಕಾರ!” ಅಂತ ಎರಡೂ ಕೈ ಮೇಲೆತ್ತಿದೆ. ಬೆಲ್ಟು ಪಟ್ಟನೆ ಹರಿಯಿತು. ಪ್ಯಾಂಟು ಪಾದದ ಮೇಲೆ ಬಿದ್ದಿತು.

ಸಭೆಗೆ ಸಿಡಿಲು ಬಡಿದಂತಾಯಿತು. ಮುಂದೆ ಕೂತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಹೇಳಿದಳು:

“ಯಪ್ಪಾ, ನಿನ್ ಮಾತು ನಂಬೀವಿ. ಸಾಕ್ಷಿ ತೋರ್ಸಾಕ ಹೋಗಬ್ಯಾಡ.”

ಅರ್ಧ ಮೀಸೆ

ಕತ್ತಿ ತಿಕ್ಕಲು ಜಟಕಾ ಕುದುರೆಯ ಹಳೇ ಚರ್ಮದ ಪಟ್ಟಿಯೊಂದನ್ನು ಸಂಪಾದಿಸಿ ಊರಿಗೆ ಬಂದೆ. ಅಭ್ಯಾಸಕ್ಕೆ ಕೆನ್ನೆ ಬೇಕಲ್ಲ? ಕೇರಿಯ ಗಂಡಸರೆಲ್ಲ ಒಮ್ಮೆಲೇ ಹೊಲದ ಕೆಲಸ ನೆನಪಾಗಿ ಮಾಯವಾದರು. ಉಳಿದವನು ನಮ್ಮ ದೊಡ್ಡಪ್ಪ ಒಬ್ಬನೇ. ಕೇರಿಗೆಲ್ಲ ಮೀಸೆ ಅಂದರೆ ಅವನ ಮೀಸೆ.

ಕೇರಿಯ ಎದುರು ದಾರಿ, ದಾರಿಯಾಚೆ ಬೇವಿನಮರದ ಕಟ್ಟೆ. ಅಲ್ಲಿ ಕ್ಷೌರಿಕ ಗೌಡರ ಗಡ್ಡ ತೆಗೆಯುತ್ತಿದ್ದ. ಈಚೆ ನಾನು ದೊಡ್ಡಪ್ಪನ ಒಣ ಕೆನ್ನೆಗೆ ಬಟ್ಟೆ ಸೋಪು ತಿಕ್ಕಿ ಕತ್ತಿ ಇಟ್ಟೆ.

“ಲೇ ಲೇ ಲೇ! ಅದು ಕೆನ್ನಿ, ಕಬ್ಬಲ್ಲ!” ಅಂತ ಆಚೆಯಿಂದ ಕೂಗು ಬಂತು. ಕ್ಷೌರಿಕ ತಲೆ ಚಚ್ಚಿಕೊಳ್ಳುತ್ತಿದ್ದ. “ಬಿಸಿನೀರು ಹಚ್ಚಿ ನೆನಸೋ ಮೊದ್ಲು!”

“ಏನ್ಲೇ, ಅವರಿಗೆ ಕಲ್ಸಾಕ ಹತ್ತೀಯೇನು?” ಅಂತ ಗೌಡರು ಗದರಿದರು.

“ಮುಟ್ಟಿಲ್ರಿ ಗೌಡ್ರ, ಬಾಯಿಮಾತು ಅಷ್ಟ.”

ಗೌಡರು ಬಾಯಿಗೆ ಕಟ್ಟಪ್ಪಣೆ ಮಾಡಿರಲಿಲ್ಲ. ಹೀಗಾಗಿ ನನ್ನ ಪಾಠ ದಾರಿಯಾಚೆಯಿಂದಲೇ ನಡೆಯಿತು. “ಚರ್ಮ ಎಳದ್ ಹಿಡಿ! ಕತ್ತಿ ನಿಲ್ಲಿಸಬ್ಯಾಡ, ಮಲಗಿಸು! ಕೂದ್ಲು ಹೋದ್ ಕಡೀಗೇ ಎಳಿ!” ನಾನು ಶ್ರದ್ಧೆಯಿಂದ ಅವನ ಮುಖವನ್ನೇ ನೋಡುತ್ತಾ ಎಳೆದೆ. ಕೆಳಗೆ ನೋಡಿದರೆ ಎಡಗಡೆಯ ಮೀಸೆ ದೊಡ್ಡಪ್ಪನ ತೊಡೆಯ ಮೇಲಿತ್ತು.

ದೊಡ್ಡಪ್ಪ ಕನ್ನಡಿ ತರಿಸಿ ಬಹಳ ಹೊತ್ತು ನೋಡಿಕೊಂಡ. ನಾನು ಬಲಗಡೆಯದನ್ನೂ ತೆಗೆಯಲು ಹೋದರೆ ಕೈ ತಡೆದ.

“ಇದು ಇರ್ಲಿ ಬಿಡು. ಯಾರರ ಕೇಳಿದ್ರ, ಚಳವಳಿ ಅರ್ಧ ಮುಗದೈತಿ ಅಂತೀನಿ.”

ಮದುವೆಯ ದಿನ

ಮದುವೆಯ ದಿನ ಬಂತು. ಮದುಮಗ ಮಣೆಯ ಮೇಲೆ ಕೂತ. ಕುರುಗೋಡಿನ ಬೀಗರು ಸುತ್ತ ಕೂತರು. ಅಕ್ಕ ಆರತಿ ತಟ್ಟೆ ಹಿಡಿದು ಕತ್ತಿಯನ್ನಲ್ಲ, ನನ್ನ ಕುತ್ತಿಗೆಯನ್ನು ನೋಡುತ್ತಿದ್ದಳು. ಆಚೆ ಕಟ್ಟೆಯ ಮೇಲೆ ಗೌಡರ ಗಡ್ಡ ಆಗಲೇ ಅರ್ಧ ಆಗಿತ್ತು. ಅವರು ಯಾರೋ ದೊಡ್ಡ ಅಧಿಕಾರಿಯನ್ನು ಕಾಣಲು ಬಳ್ಳಾರಿಗೆ ಹೊರಟಿದ್ದರು.

ಎರಡೂ ಕೆನ್ನೆ ಹೇಗೋ ಮುಗಿದವು. ಗಂಟಲ ಹತ್ತಿರ ಬರುವಾಗ ಕತ್ತಿ ಓರೆಯಾಗಿ ಏಳತೊಡಗಿತು.

“ಮಾವಾ, ಏನರ ಮಾಡು, ನಡುವ ಧಿಕ್ಕಾರ ಮಾತ್ರ ಕೂಗಬ್ಯಾಡ” ಅಂತ ಅಳಿಯ ಪಿಸುಗುಟ್ಟಿದ.

“ಮಲಗಿಸು! ಮಲಗಿಸೋ!” ಅಂತ ಕ್ಷೌರಿಕ ಕೂಗಿದ. ನಾನು ಗಾಬರಿಯಾಗಿ ಅಳಿಯನನ್ನೇ ಮಲಗಿಸಲು ಹೋದೆ. ಕತ್ತಿ ಅವನ ಗಂಟಲ ಮೇಲೆ ನೆಟ್ಟಗೆ ನಿಂತಿತು.

“ಅಯ್ಯಯ್ಯೋ, ಕೊಂದಬಿಟ್ಟ!”

ಹಾಗೆ ಚೀರಿದವನೇ ಕ್ಷೌರಿಕ ಕಟ್ಟೆಯಿಂದ ಜಿಗಿದ. ದಾರಿ ದಾಟಿ ಓಡಿಬಂದು ನನ್ನ ಮಣಿಕಟ್ಟು ತಿರುಚಿ ಕತ್ತಿ ಕಿತ್ತುಕೊಂಡ. ಇನ್ನೊಂದು ಕೈಯಲ್ಲಿ ಮದುಮಗನ ಗದ್ದ ಎತ್ತಿ ಹಿಡಿದು ಸರಸರನೆ ಗಂಟಲು ಮುಗಿಸಿದ, ನಾನು ಕೆಡಿಸಿದ ಕೆನ್ನೆಗಳನ್ನೂ ತಿದ್ದಿದ, ಪಟಿಕ ಉಜ್ಜಿ ಒರೆಸಿದ. ಆಮೇಲೆ ತನ್ನ ಕೈ ತಾನೇ ನೋಡಿಕೊಂಡ.

ಎಲ್ಲರೂ ಕಟ್ಟೆಯ ಕಡೆ ತಿರುಗಿದರು. ಗೌಡರ ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ನೊರೆ.

“ಮುಟ್ಟಿಬಿಟ್ಟೆನ್ರಿ ಗೌಡ್ರ,” ಕ್ಷೌರಿಕ ದಾರಿಯ ಈಚೆಯಿಂದಲೇ ಕೂಗಿದ. “ಇನ್ನ ನಿಮ್ಮನ್ನ ಮುಟ್ಟಂಗಿಲ್ರಿ. ನೀವ ಹೇಳೀರಿ.”

ಗೌಡರು ಈ ಕೆನ್ನೆ ಮುಟ್ಟಿಕೊಂಡರು, ಆ ಕೆನ್ನೆ ಮುಟ್ಟಿಕೊಂಡರು. ನೊರೆ ಒಣಗುತ್ತಿತ್ತು. ಅಧಿಕಾರಿ ಕಾಯುವವನಲ್ಲ.

“ಗೌಡ್ರ, ಬೇಕಂದ್ರ ನಮ್ ಕತ್ತಿ ತಗೊಂಡು ನಾ ಬರ್ತೀನ್ರಿ” ಅಂದೆ.

ಅವರು ನನ್ನ ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪನ ಅರ್ಧ ಮೀಸೆ ನೋಡಿದರು. ಆಮೇಲೆ ಒಮ್ಮೆಲೇ ಗಟ್ಟಿಯಾಗಿ ಕೇಳಿದರು: “ಏನಾತೀಗ? ಏನೂ ಆಗಿಲ್ಲ. ಯಾರರ ಏನರ ನೋಡೀರೇನ್ಲೇ?”

“ಇಲ್ರೀ ಗೌಡ್ರ!” ಇಡೀ ಕೇರಿ ಒಂದೇ ದನಿಯಲ್ಲಿ ಕೂಗಿತು.

“ನಾವೂ ನೋಡಿಲ್ರೀ!” ಅಂದರು ಕುರುಗೋಡಿನ ಬೀಗರು.

ಕ್ಷೌರಿಕ ಕಟ್ಟೆ ಹತ್ತಿದ. ನೊರೆಯನ್ನು ಮತ್ತೆ ಒದ್ದೆ ಮಾಡಿದ, ಗೌಡರ ಗದ್ದ ಎತ್ತಿ ಹಿಡಿದ, ಕತ್ತಿಯನ್ನು ಗಂಟಲಿಗೆ ತಂದ. ಏನೋ ಹೊಳೆದವನಂತೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

“ನಾನೂ ಏನೂ ನೋಡಿಲ್ರಿ ಗೌಡ್ರ” ಅಂದ.

“ಕಣ್ಣು ತೆಗಿಯೋ ಯಪ್ಪಾ!” ಗೌಡರು ಊರೆಲ್ಲ ಕೇಳುವಂತೆ ಚೀರಿದರು. “ಮುಟ್ಟೀದಿ! ಎಲ್ಲಾರೂ ನೋಡ್ಯಾರ! ನಾನೂ ನೋಡೀನಿ! ನಾಳೆಯಿಂದ ಅವರ್ನ ದಿನಾ ಮುಟ್ಟು, ಈಗ ಕಣ್ಣು ತೆಗಿ!”