ಅನ್ಸೆಲ್ಮೊ ನುಂಗಿದ ಬಿಳಿ ಮಾತ್ರೆ

ನಮ್ಮ ಓಣಿಯ ವಿಷಯವನ್ನು ಹೀಗೆ ಬರೆದು ಹಾಕುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಡಾಕ್ಟರಲ್ಲ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಅನ್ಸೆಲ್ಮೊನದಲ್ಲ.

ನಮ್ಮೂರು ಇಲೊಯಿಲೊದ ಔಷಧ ಪರೀಕ್ಷಾಲಯದಲ್ಲಿ ಅನ್ಸೆಲ್ಮೊ ಮೊಲ ನೋಡಿಕೊಳ್ಳುತ್ತಿದ್ದ. ಅಲ್ಲಿ ಗಬ್ಬದ ಮೊಲಕ್ಕೆ ಒಂದು ತೊಟ್ಟು ಔಷಧ ಹಾಕಬೇಕಾದರೂ ಮೂವರ ಸಹಿ ಬೇಕು. ಆದರೆ ಅವನ ಹೆಂಡತಿ ದೆಲಿಯಾ ಎರಡೂವರೆ ತಿಂಗಳ ಬಸುರಿಯಾಗಿ ವಾಂತಿಯಲ್ಲಿ ನರಳುತ್ತಿದ್ದ ಆ ಭಾನುವಾರ, ನಾವೆಲ್ಲ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಪಕ್ಕದ ಮನೆಯ ಸಾಬೆಲ್‌ಗೆ ಯಾರ ಸಹಿಯೂ ಬೇಕಾಗಲಿಲ್ಲ. ಮೂಲೆಯಂಗಡಿಯಿಂದ ಬಿಡಿ ಮಾತ್ರೆ ಕತ್ತರಿಸಿಕೊಂಡು ಬೆಳಿಗ್ಗೆಯೇ ಬಂದಳು. ಪಟ್ಟಿಯಲ್ಲಿ ಔಷಧದ ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು.

"ಯಾವ ಮಾತ್ರೆ ಮನಾಂಗ್ ಇದು?"

"ವಾಂತಿ ಮಾತ್ರೆ ಕಣೋ ತೊತೊ, ನನ್ನ ತಮ್ಮಾ. ಬಿಳೀದು."

"ಬಸುರಿಯರಿಗೆ ಆಗತ್ತೆ ಅಂತ ಪರೀಕ್ಷೆ ಮಾಡಿದಾರಾ?"

"ನನ್ನ ನಾದಿನಿ ತಗೊಂಡಿದ್ಳು. ಅವಳ ಮಗ ಈಗ ಪೊಲೀಸು. ಇನ್ನೆಂಥ ಪರೀಕ್ಷೆ ಬೇಕೋ ನಿಂಗೆ?"

ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡು ಅದಕ್ಕೆ ಧರ್ಮಮಾತೆಯಾಗಬೇಕಾದವಳೇ ಸಾಬೆಲ್. ಬೇಡವೆನ್ನುವುದು ಹೇಗೆ? "ನಾನೇ ಕೊಡ್ತೀನಿ" ಎಂದು ಅನ್ಸೆಲ್ಮೊ ಮಾತ್ರೆ ಹಿಡಿದು ಹೆಂಡತಿಯಿದ್ದ ಪರದೆಯ ಹಿಂದೆ ಹೋದ. ಕಂಬಗಳ ಮೇಲೆ ನಿಂತ ಮನೆಯ ಬಿದಿರು ನೆಲದ ಸಂದಿಯಲ್ಲಿ ಕೆಳಗೆ ಹಾಕೋಣವೆಂದು ಬಗ್ಗಿದ. ಕೆಳಗೆ ಸಾಬೆಲಳ ಹಂದಿ ಬಾಯಿ ತೆರೆದು ಕಾಯುತ್ತಿತ್ತು. ಅದೂ ಗಬ್ಬ! ಬೇರೆ ದಾರಿ ಕಾಣದೆ ತಾನೇ ನುಂಗಿಬಿಟ್ಟ.

"ನುಂಗಿದ್ಲಾ?"

"ಹೂಂ, ಮನಾಂಗ್."

ಮಧ್ಯಾಹ್ನ ಇನ್ನೊಂದು ಬಂತು, ನಾಲ್ಕಕ್ಕೆ ಮತ್ತೊಂದು. ಐದರ ಹೊತ್ತಿಗೆ ಅನ್ಸೆಲ್ಮೊನ ನಾಲಿಗೆ ಬಿಸಿಲಿಗೆ ಹಾಕಿದ ಒಣಮೀನಿನಂತಾಗಿತ್ತು. ಎರಡು ಸಲ ವಾಂತಿ ಮಾಡಿಕೊಂಡು ಬಾಗಿಲಲ್ಲೇ ಉರುಳಿಕೊಂಡ. ಒಳಗೆ ದೆಲಿಯಾ ಮಾತ್ರ, ತಿಂಗಳಲ್ಲಿ ಮೊದಲ ಸಲ, ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ಎರಡು ತಟ್ಟೆ ಅನ್ನ ಉಣ್ಣುತ್ತಿದ್ದಳು.

ಸಾಬೆಲ್ ಕೈ ತಟ್ಟಿದಳು. "ನೋಡಿದ್ಯಾ ನನ್ನ ಮಾತ್ರೆ! ಆಚೆ ಮನೆ ನೆನಿಂಗ್‌ಗೂ ಆಗಲೇ ಮೂರು ಕೊಟ್ಟು ಬಂದೆ. ಅವಳಿಗೂ ಮೂರು ತಿಂಗಳಲ್ವಾ!"

ಅನ್ಸೆಲ್ಮೊ ಚೇಳು ಕುಟುಕಿದವನಂತೆ ಎದ್ದ. "ಅಯ್ಯೋ ಮನಾಂಗ್! ದೆಲಿಯಾ ಒಂದೂ ತಗೊಂಡಿಲ್ಲ. ಎಲ್ಲಾ ನಾನೇ ನುಂಗಿದ್ದು!"

ಗೋಡೆ ಹಿಡಿಯುತ್ತ, ಮುಗ್ಗರಿಸುತ್ತ ಓಡಿದ. ಹಿಂದೆ ಸಾಬೆಲ್, ಅವಳ ಹಿಂದೆ ಮಾವಿನಕಾಯಿ ಹಿಡಿದ ದೆಲಿಯಾ. ನೆನಿಂಗ್ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು.

"ಮಾತ್ರೆ! ಮಾತ್ರೆ ಎಲ್ಲಿ?"

ಅವಳು ಒಳಗೆ ಕೈ ತೋರಿದಳು. ಅಲ್ಲಿ ಅವಳ ಗಂಡ, ಬರ್ತಿಂಗ್ ಎಂಬವನು, ಒಂದು ಬಕೆಟ್ ತಬ್ಬಿಕೊಂಡು ಕೂತಿದ್ದ.

"ಕ್ಷಮಿಸಿ ಮನಾಂಗ್," ಎಂದ ತೊದಲುತ್ತಾ. "ಮೊಲಕ್ಕೇ ಮೂರು ಸಹಿ ಬೇಕು ಅಂತ ಇವನು ದಿನಾ ಕೊರೀತಿರ್ತಾನೆ. ಇವಳಿಗೆ ಕೊಡೋಕೆ ಧೈರ್ಯ ಬರ್ಲಿಲ್ಲ. ಮೂರನ್ನೂ ಒಟ್ಟಿಗೇ ನುಂಗ್ಬಿಟ್ಟೆ."

ಅನ್ಸೆಲ್ಮೊ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. ತನ್ನ ಕೊರೆತವನ್ನು ಒಬ್ಬನಾದರೂ ಕೇಳಿಸಿಕೊಂಡಿದ್ದನಲ್ಲ!

ಸಾಬೆಲ್ ಮಾತ್ರ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ಮಾತ್ರೆಯಂತೆ ಮಾತ್ರೆ! ನಾಚಿಕೆ ಮುಚ್ಕೊಳ್ಳೋಕೆ ಗಂಡಸರು ಏನು ಬೇಕಾದ್ರೂ ಹೇಳ್ತಾರೆ. ಬಸುರಿಯಾದವಳು, ಮಲಗಿರೋ ಗಂಡನನ್ನ ದಾಟಿದ್ರೆ ಅವಳ ವಾಂತಿ ಅವನಿಗೆ ಹೋಗತ್ತೆ ಅಂತ ಹಿರಿಯರ ಮಾತು. ನಿಜ ಹೇಳ್ರೇ, ದಾಟಿದ್ರೋ ಇಲ್ವೋ?"

ನೆನಿಂಗ್ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ದೆಲಿಯಾ ತಲೆ ತಗ್ಗಿಸಿದಳು. "ಬೆಳಿಗ್ಗೆ ನೀರಿಗೆ ಹೋಗುವಾಗ... ಒಂದೇ ಸಲ."

"ಹಾಗಿದ್ರೆ ಇನ್ಮೇಲೆ ದಿನಾ ದಾಟು!"

ಮನೆಗೆ ಬರುವಾಗ ದೆಲಿಯಾ ಗಂಡನ ತೋಳು ಹಿಡಿದುಕೊಂಡಳು. "ನೀನು ನುಂಗಿದ್ದನ್ನ ನಾನು ನೋಡಿದೀನಲ್ಲ. ನಮ್ಮ ಮಗು ದೊಡ್ಡದಾದ ಮೇಲೆ ಅದಕ್ಕೆ ಹೇಳ್ತೀನಿ."

ಮರುದಿನ ಬೆಳಿಗ್ಗೆ ಸಾಬೆಲ್ ಕಿಟಕಿಯಿಂದ ನೋಡುತ್ತಿರುವಂತೆ ದೆಲಿಯಾ ಅವನನ್ನು ದಾಟಿದಳು. ಅನ್ಸೆಲ್ಮೊಗೆ ನಗು ಬಂತು. ಇವತ್ತು ಹೊಟ್ಟೆಯಲ್ಲಿ ಒಂದು ಮಾತ್ರೆಯೂ ಇಲ್ಲವಲ್ಲ! ನಗು ಮುಗಿಯುವ ಮೊದಲೇ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದ. ಆಮೇಲೆ ಎರಡು ತಿಂಗಳು ದಿನಾ ಓಡಿದ.

ದೇವರ ದಯೆ, ಎರಡೂ ಮನೆಯ ಮಕ್ಕಳು ಆರೋಗ್ಯವಾಗಿ ಹುಟ್ಟಿದವು. ಆ ಮಾತ್ರೆ ಯಾವುದು, ದೆಲಿಯಾಳ ವಾಂತಿ ಅಂದೇ ಯಾಕೆ ನಿಂತಿತು, ಅವನದು ಯಾಕೆ ನಿಲ್ಲಲಿಲ್ಲ, ಇವತ್ತಿಗೂ ನನಗೆ ಗೊತ್ತಿಲ್ಲ.